ಮಳೆಗಾಲಕ್ಕೊಂದು ಹಾರರ್ ಗೇಮ್: ಯಾವುದನ್ನು ಹಿಡಿದರೆ ಮುಗಿಸಬಹುದು?

ನನ್ನ ಪರಿಚಯದಲ್ಲಿ ಹಾರರ್ ಗೇಮ್ ಕೊಂಡವರು ಬೇಕಾದಷ್ಟು ಜನ ಇದ್ದಾರೆ, ಮುಗಿಸಿದವರನ್ನು ಹುಡುಕಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆ ಹಿಡಿದು ಅಂಗಳಕ್ಕೂ ಇಳಿಯಲಾಗದ ದಿನಗಳಲ್ಲಿ ಊರಿಗೆ ಬಂದ ಹುಡುಗರು ಲ್ಯಾಪ್‌ಟಾಪ್ ಬಿಚ್ಚುತ್ತಾರೆ. ಮೊದಲ ರಾತ್ರಿ ಉತ್ಸಾಹ ಜೋರು. ಎರಡು ಮೂರು ರಾತ್ರಿ ಕಳೆಯುವಷ್ಟರಲ್ಲಿ ಗುಂಡು ಖಾಲಿ, ಹೆಲ್ತ್ ಖಾಲಿ, ಮುಂದೆ ಹೋಗಲು ದಾರಿ ಇಲ್ಲ. ಆಮೇಲೆ ಮತ್ತೆ ಕ್ರಿಕೆಟ್ ಗೇಮ್. ಹೆದರಿ ಬಿಟ್ಟವರು ಇವರಲ್ಲಿ ಕಡಿಮೆ. ತಮ್ಮ ಸ್ವಭಾವಕ್ಕೆ ಹೊಂದದ ಗೇಮ್ ಹಿಡಿದು, ಅದನ್ನು ಬೇರೆ ಗೇಮ್ ಆಡಿದ ಹಾಗೇ ಆಡಿ, ಸುಸ್ತಾಗಿ ಬಿಟ್ಟವರೇ ಜಾಸ್ತಿ.

ಹೊಡೆದಾಟ ಇರುವ ಹಾರರ್ ಗೇಮ್‌ಗಳೆಲ್ಲ ಹೊರನೋಟಕ್ಕೆ ಒಂದೇ: ಕತ್ತಲೆ, ರಾಕ್ಷಸರು, ಕೈಯಲ್ಲೊಂದು ಬಂದೂಕು. ಆದರೆ ಪ್ರತಿಯೊಂದು ಗೇಮ್ ನಿಮ್ಮಿಂದ ಬೇರೆ ಬೇರೆ ವಸ್ತುವಿನ ಉಳಿತಾಯ ಕೇಳುತ್ತದೆ. ರೆಸಿಡೆಂಟ್ ಈವಿಲ್ 2 ಗುಂಡು ಉಳಿಸು ಎನ್ನುತ್ತದೆ. ರೆಸಿಡೆಂಟ್ ಈವಿಲ್ 4ರಲ್ಲಿ ಉಳಿಸಿಕೊಳ್ಳಬೇಕಾದ್ದು ನಿಂತ ಜಾಗ. ಡೆಡ್ ಸ್ಪೇಸ್‌ನಲ್ಲಿ ಗುರಿ, ಲೆಫ್ಟ್ 4 ಡೆಡ್ 2ರಲ್ಲಿ ಜೊತೆಗಾರರು. ಈ ನಾಲ್ಕರಲ್ಲಿ ನಿಮಗೆ ಯಾವ ಉಳಿತಾಯ ಒಗ್ಗುತ್ತದೆ ಎಂದು ನೋಡಿಕೊಂಡು ಆರಿಸಿದರೆ ಗೇಮ್ ಮುಗಿಯುತ್ತದೆ.

ಮೊದಲು ಮಷಿನ್, ಆಮೇಲೆ ಕರೆಂಟು

ಲೆಫ್ಟ್ 4 ಡೆಡ್ 2 ಬಂದದ್ದು 2009ರಲ್ಲಿ. 2 ಜಿಬಿ ರ‍್ಯಾಮ್, 13 ಜಿಬಿ ಜಾಗ ಇದ್ದರೆ ನಡೆಯುತ್ತದೆ. ಅಣ್ಣ ಓದಿ ಮುಗಿಸಿ ಮೂಲೆಗಿಟ್ಟ ಲ್ಯಾಪ್‌ಟಾಪಿಗೂ ಅಡ್ಡಿಯಿಲ್ಲ. 2019ರ ಜನವರಿಯಲ್ಲಿ ಬಂದ ರೆಸಿಡೆಂಟ್ ಈವಿಲ್ 2 ರೀಮೇಕ್‌ಗೆ 8 ಜಿಬಿ ರ‍್ಯಾಮ್, ಜಿಟಿಎಕ್ಸ್ 960ರಂಥ ಹಳೇ ಗ್ರಾಫಿಕ್ಸ್ ಕಾರ್ಡ್, 26 ಜಿಬಿ ಜಾಗ ಬೇಕು. 2023ರ ಮಾರ್ಚ್‌ನಲ್ಲಿ ಬಂದ ರೆಸಿಡೆಂಟ್ ಈವಿಲ್ 4 ರೀಮೇಕ್‌ಗೆ ಕನಿಷ್ಠ ಜಿಟಿಎಕ್ಸ್ 1050 ಟಿಐ. ಅದೇ ವರ್ಷದ ಡೆಡ್ ಸ್ಪೇಸ್ ರೀಮೇಕ್ ಮಾತ್ರ ದುಬಾರಿ ಗಿರಾಕಿ: 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1070, 50 ಜಿಬಿ ಜಾಗ. ಅದನ್ನು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್‌ನಲ್ಲಿ ಹಾಕದಿದ್ದರೆ ತಡವರಿಸುತ್ತದೆ. ಮನೆಯಲ್ಲಿ ಪ್ಲೇಸ್ಟೇಷನ್ 4 ಇರುವವರಿಗೆ ಎರಡೂ ರೆಸಿಡೆಂಟ್ ಈವಿಲ್ ಸಿಗುತ್ತವೆ, ಈ ಡೆಡ್ ಸ್ಪೇಸ್ ಸಿಗುವುದಿಲ್ಲ.

ಘಟ್ಟದ ಮೇಲೆ ಇಂಟರ್ನೆಟ್ ನಿಧಾನ ಇರುವವರಿಗೆ ಒಂದು ಉಪಾಯ. ಕಾರವಾರದಲ್ಲೋ ಕುಮಟಾದಲ್ಲೋ ನೆಂಟರ ಮನೆಯಲ್ಲಿ ಒಳ್ಳೆ ಲೈನ್ ಇದ್ದರೆ, ಅಲ್ಲಿ ಡೌನ್‌ಲೋಡ್ ಆದ ಗೇಮನ್ನು ಸ್ಟೀಮ್ ಎಂಬ ಗೇಮ್ ಅಂಗಡಿಯ ಆ್ಯಪ್‌ನಲ್ಲಿ ಒಂದೇ ವೈಫೈ ಮೇಲಿರುವ ಒಂದು ಮಷಿನ್‌ನಿಂದ ಇನ್ನೊಂದಕ್ಕೆ ನೇರ ವರ್ಗಾಯಿಸಬಹುದು. ಗೇಮ್ ನಿಮ್ಮ ಖಾತೆಯಲ್ಲಿ ಇರಬೇಕು ಅಷ್ಟೆ. ಊರಿಗೆ ಹೊರಡುವ ಮೊದಲು ಒಮ್ಮೆ ಅಲ್ಲೇ ತೆರೆದು ನೋಡಿ, ಆಮೇಲೆ ಆಫ್‌ಲೈನ್ ಮೋಡ್‌ಗೆ ಹಾಕಿಕೊಳ್ಳಿ.

ಕರೆಂಟಿನ ಮಾತು ಇನ್ನೂ ಮುಖ್ಯ. ಕೈಗಾದಲ್ಲಿ ಅಣುವಿದ್ಯುತ್ ಆಗುವ ಜಿಲ್ಲೆ ನಮ್ಮದು. ಗಾಳಿಮಳೆಗೆ ಲೈನ್ ಮೇಲೆ ಮರ ಬಿದ್ದರೆ ಕತ್ತಲೆಯೂ ನಮ್ಮದೇ. ಹಾಗಾಗಿ ಗೇಮ್ ಎಲ್ಲಿ ಸೇವ್ ಆಗುತ್ತದೆ ಎನ್ನುವುದು ಬೆಂಗಳೂರಿನವನಿಗಿಂತ ನಮಗೆ ದೊಡ್ಡ ವಿಷಯ. ರೆಸಿಡೆಂಟ್ ಈವಿಲ್ 2ರ ಸ್ಟ್ಯಾಂಡರ್ಡ್ ಮಟ್ಟದಲ್ಲಿ ತಾನಾಗಿ ಸೇವ್ ಆಗುವ ಜಾಗಗಳಿವೆ, ಟೈಪ್‌ರೈಟರ್ ಕಂಡಲ್ಲೆಲ್ಲ ನೀವೂ ಸೇವ್ ಮಾಡಬಹುದು. ಹಾರ್ಡ್‌ಕೋರ್‌ನಲ್ಲಿ ಆಟೋಸೇವ್ ಇಲ್ಲ, ಟೈಪ್‌ರೈಟರ್‌ಗೆ ಇಂಕ್ ರಿಬ್ಬನ್ ಬೇಕು, ರಿಬ್ಬನ್ ಸಿಗುವುದು ಲೆಕ್ಕದಷ್ಟೇ. ರೆಸಿಡೆಂಟ್ ಈವಿಲ್ 4ರ ಪ್ರೊಫೆಷನಲ್ ಮಟ್ಟದಲ್ಲೂ ಆಟೋಸೇವ್ ಇಲ್ಲ. ಡೆಡ್ ಸ್ಪೇಸ್‌ನ ಇಂಪಾಸಿಬಲ್ ಮಟ್ಟವಂತೂ ಒಮ್ಮೆ ಸತ್ತರೆ ಮುಗಿಯಿತು ಎನ್ನುವ ಜಾತಿಯದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಜುಲೈ ತಿಂಗಳಲ್ಲಿ ಈ ಮೂರನ್ನೂ ಮುಟ್ಟಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೂ, ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಗಳಿಗೆಯಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಹಿಂಬದಿಯಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಲ್ಯಾಪ್‌ಟಾಪಿಗೆ ಆ ಭಯ ಇಲ್ಲ. ಆದರೆ ಬ್ಯಾಟರಿ ಮೇಲೆ ಗ್ರಾಫಿಕ್ಸ್ ಕುಗ್ಗುತ್ತದೆ, ಹೊಡೆದಾಟದ ನಡುವೆ ಕರೆಂಟು ಹೋದರೆ ಚಿತ್ರ ತುಂಡು ತುಂಡಾಗಿ ಬರುತ್ತದೆ. ಆಗ ಪಾಜ್ ಒತ್ತಿ ಕಾಯುವುದೇ ಜಾಣತನ.

ರೆಸಿಡೆಂಟ್ ಈವಿಲ್ 2: ಲೆಕ್ಕ ಇಡುವವರಿಗೆ

1998ರ ಸೆಪ್ಟೆಂಬರ್, ರಕೂನ್ ಸಿಟಿ ಎಂಬ ಊರು, ಜೋಂಬಿಗಳು ತುಂಬಿದ ಪೊಲೀಸ್ ಠಾಣೆ. ಅಂದೇ ಕೆಲಸಕ್ಕೆ ಹಾಜರಾಗಲು ಬಂದ ಪೊಲೀಸ್ ಲಿಯಾನ್ ಆಗಿ ಆಡಬಹುದು, ಇಲ್ಲವೇ ಅಣ್ಣನನ್ನು ಹುಡುಕಿ ಬಂದ ಕಾಲೇಜು ಹುಡುಗಿ ಕ್ಲೇರ್ ಆಗಿ. ಮೊದಲ ಸಲ ಆಡುವವರಿಗೆ ನಾನು ಕ್ಲೇರ್ ಎನ್ನುತ್ತೇನೆ. ಅವಳಿಗೆ ಸಿಗುವ ಗ್ರೆನೇಡ್ ಲಾಂಚರ್ ಬಾಸ್ ಎನ್ನುವ ದೊಡ್ಡ ರಾಕ್ಷಸರ ಎದುರು ಬಹಳ ಉಪಕಾರಿ. ಲಿಯಾನ್‌ನ ಶಾಟ್‌ಗನ್ ಕೈಯಲ್ಲಿ ಹಿಡಿಯಲು ಚೆಂದ, ಅದರ ಗುಂಡು ಮಾತ್ರ ಯಾವಾಗಲೂ ಕಡಿಮೆ.

ಈ ಗೇಮ್‌ನಲ್ಲಿ ಸೋಲುವವರೆಲ್ಲ ಒಂದೇ ರೀತಿ ಸೋಲುತ್ತಾರೆ: ಕಂಡ ಜೋಂಬಿಯನ್ನೆಲ್ಲ ಕೊಲ್ಲಲು ಹೋಗುತ್ತಾರೆ. ತಲೆಗೆ ನಾಲ್ಕೈದು ಗುಂಡು ಬಿದ್ದರೂ ಅದು ಮತ್ತೆ ಎದ್ದು ಬರುತ್ತದೆ. ಅಷ್ಟು ಗುಂಡು ಖರ್ಚು ಮಾಡಿದ ಕೋಣೆಗೆ ನೀವು ಇನ್ನೊಮ್ಮೆ ಬರುವುದೇ ಇಲ್ಲ ಅಂತಾದರೆ ಏನು ಲಾಭ? ಠಾಣೆಯ ನಕ್ಷೆ ತೆರೆದು ನೋಡಿ. ಕೆಂಪು ಬಣ್ಣದ ಕೋಣೆಯಲ್ಲಿ ಇನ್ನೂ ವಸ್ತು ಉಳಿದಿದೆ, ನೀಲಿ ಕೋಣೆಯಲ್ಲಿ ಏನೂ ಉಳಿದಿಲ್ಲ. ಪದೇ ಪದೇ ಓಡಾಡಬೇಕಾದ ಮೊಗಸಾಲೆಯ ಜೋಂಬಿಗೆ ಗುಂಡು ಹಾಕಿ. ಒಂದೇ ಸಲ ಹಾಯುವ ದಾರಿಯಲ್ಲಿ ಕಾಲಿಗೆ ಹೊಡೆದು ಬೀಳಿಸಿ, ಪಕ್ಕದಿಂದ ದಾಟಿ ಹೋಗಿ. ಕಿಟಕಿಗೆ ಹೊಡೆಯುವ ಮರದ ಹಲಗೆಗಳೂ ಹಾಗೇ, ಹೆಚ್ಚು ನಡೆದಾಡುವ ದಾರಿಯ ಕಿಟಕಿಗೇ ಮೀಸಲು. ಗುಂಡು ಹೊಡೆಯುವ ಮೊದಲು ಒಂದು ಕ್ಷಣ ಅಲುಗಾಡದೆ ನಿಂತರೆ ಗುರಿಯ ಗೆರೆಗಳು ಹತ್ತಿರ ಸರಿಯುತ್ತವೆ, ಪೆಟ್ಟೂ ಬಲವಾಗಿ ಬೀಳುತ್ತದೆ. ಓಡುತ್ತ ಹೊಡೆದದ್ದು ಗಾಳಿಗೆ ಹೊಡೆದ ಹಾಗೆ.

ಚೀಲದಲ್ಲಿ ಶುರುವಿಗೆ ಎಂಟೇ ಖಾನೆ. ಕೀಲಿಯ ಚಿತ್ರದ ಮೇಲೆ ಕೆಂಪು ಗುರುತು ಬಂದರೆ ಅದರ ಕೆಲಸ ಮುಗಿಯಿತು ಅಂತ, ಬಿಸಾಡಿ. ಹೊರಗೆ ಹೊರಟಾಗ ಎರಡು ಮೂರು ಖಾನೆ ಖಾಲಿ ಇಟ್ಟುಕೊಂಡೇ ಹೊರಡಿ, ಇಲ್ಲದಿದ್ದರೆ ಸಿಕ್ಕಿದ್ದನ್ನು ಅಲ್ಲೇ ಬಿಟ್ಟು, ವಸ್ತು ಇಡುವ ಪೆಟ್ಟಿಗೆಯವರೆಗೆ ಓಡಿ ಮತ್ತೆ ಬರಬೇಕು.

ಲಿಕ್ಕರ್ ಎಂಬ ಚರ್ಮ ಸುಲಿದ ಪ್ರಾಣಿಗೆ ಕಣ್ಣಿಲ್ಲ, ಕಿವಿ ಚುರುಕು. ಅದು ಇರುವ ಕಡೆ ಓಡಬೇಡಿ. ನಿಧಾನ ನಡೆದರೆ ಮಗ್ಗುಲಿನಲ್ಲೇ ದಾಟಬಹುದು. ಮಿಸ್ಟರ್ ಎಕ್ಸ್ ಬೇರೆಯೇ ಕತೆ. ಟೋಪಿ, ಉದ್ದ ಕೋಟಿನ ಆ ದೈತ್ಯನನ್ನು ಠಾಣೆಯೊಳಗೆ ಕೊಲ್ಲಲು ಸಾಧ್ಯವೇ ಇಲ್ಲ. ತುಂಬ ಹೊಡೆದರೆ ಸ್ವಲ್ಪ ಹೊತ್ತು ಮಂಡಿಯೂರುತ್ತಾನೆ, ಅಷ್ಟೆ. ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಚಂಡೆ ಹೇಳಿಬಿಡುವ ಹಾಗೆ, ಅವನ ಬೂಟಿನ ಸದ್ದು ಅವನಿಗಿಂತ ಮೊದಲು ಬರುತ್ತದೆ. ಯಾವ ಮಹಡಿ, ಎಡವೋ ಬಲವೋ ಎಂದು ಹೆಡ್‌ಫೋನ್‌ನಲ್ಲಿ ಸ್ಪಷ್ಟ ತಿಳಿಯುತ್ತದೆ. ಟೈಪ್‌ರೈಟರ್ ಇರುವ ಸಣ್ಣ ಕೋಣೆಗಳೊಳಗೆ ಅವನು ಬರುವುದಿಲ್ಲ. ಮುಖ್ಯ ಹಾಲ್‌ನಲ್ಲೂ ಟೈಪ್‌ರೈಟರ್ ಇದೆ ಎಂದು ಅಲ್ಲಿ ಆರಾಮ ನಿಂತುಬಿಡಬೇಡಿ, ಅಲ್ಲಿಗೆ ಬರುತ್ತಾನೆ.

ಕೊನೆಯ ಲ್ಯಾಬ್‌ನಲ್ಲಿ ಬಳ್ಳಿ ಸುತ್ತಿದ ಸಸ್ಯ ರಾಕ್ಷಸರಿದ್ದಾರೆ. ಅವರನ್ನು ಗುಂಡಿನಿಂದ ಬೀಳಿಸಬಹುದು, ಸಾಯಿಸಲು ಬೆಂಕಿಯೇ ಬೇಕು. ಲಿಯಾನ್ ಆದರೆ ಫ್ಲೇಮ್‌ಥ್ರೋವರ್‌ನ ಇಂಧನ, ಕ್ಲೇರ್ ಆದರೆ ಬೆಂಕಿಯ ಗ್ರೆನೇಡ್ ಅಲ್ಲಿಗೆ ಉಳಿಸಿಕೊಂಡಿರಬೇಕು. ಅವರ ಕೈಗೆ ಸಿಕ್ಕಿದಾಗ ಚೂರಿಯೋ ಗ್ರೆನೇಡೋ ಜೊತೆಗಿಲ್ಲದಿದ್ದರೆ ಒಂದೇ ಕಡಿತಕ್ಕೆ ಸಾವು.

ಇದರ ಒಂದು ಕಷ್ಟ ಹೇಳಲೇಬೇಕು. ಠಾಣೆಯ ಬೀಗಗಳು ಹೆಚ್ಚಾಗಿ ಇಸ್ಪೀಟ್ ಎಲೆಯ ಗುರುತಿನವು, ಯಾವ ಕೀಲಿ ಎಲ್ಲಿಗೆ ಎನ್ನುವುದು ತಲೆಯಲ್ಲಿ ಇರಬೇಕು. ಅಡಿಕೆ ಕೊಯ್ಲು, ಮದುವೆ ಮನೆ ಅಂತ ವಾರಗಟ್ಟಲೆ ಬಿಟ್ಟು ಬಂದರೆ ಎಲ್ಲಿ ಏನಿತ್ತು ಅಂತ ಮರೆತೇ ಹೋಗಿರುತ್ತದೆ. ಒಂದೇ ಸಮ ನಾಲ್ಕಾರು ರಾತ್ರಿ ಸಿಗುವ ಹಾಗಿದ್ದರೆ ಮಾತ್ರ ಹಿಡಿಯಿರಿ.

ರೆಸಿಡೆಂಟ್ ಈವಿಲ್ 4: ಕೈ ಚುರುಕಿನವರಿಗೆ

ನಾಲ್ಕರಲ್ಲಿ ಒಂದೇ ಆರಿಸು ಎಂದರೆ ನಾನು ಹೇಳುವುದು ಇದನ್ನು. 2005ರ ಮೂಲ ಗೇಮ್ ಹೊಡೆದಾಟದ ಹಾರರ್‌ನ ದಾರಿಯನ್ನೇ ತಿರುಗಿಸಿತು. ರೀಮೇಕ್ ಅದರ ಮೇಲೆ ಇನ್ನಷ್ಟು ಒಪ್ಪ ಹಾಕಿದೆ. ಒಟ್ಟು 16 ಅಧ್ಯಾಯ. ಒಂದೊಂದೂ ರಾತ್ರಿ ಊಟ ಆದಮೇಲೆ ಮಲಗುವುದರೊಳಗೆ ಮುಗಿಸಬಹುದಾದಷ್ಟು, ಕತೆಯೂ ನೇರ. ನಡುವೆ ಬಿಟ್ಟು ಬಂದರೂ ತೊಂದರೆ ಇಲ್ಲ.

ಅದೇ ಲಿಯಾನ್, ಈಗ ಸ್ಪೇನ್‌ನ ಮೂಲೆಯ ಹಳ್ಳಿಯಲ್ಲಿ. ಪರಾವಲಂಬಿ ಹೊಕ್ಕ ಹಳ್ಳಿಗರು ಕತ್ತಿ ಕೊಡಲಿ ಹಿಡಿದು ಸುತ್ತುವರಿಯುತ್ತಾರೆ. ಶುರುವಿನ ಹಳ್ಳಿ ಮುತ್ತಿಗೆಯಲ್ಲೇ ಬಹಳ ಜನ ಬೇಸತ್ತು ಬಿಡುತ್ತಾರೆ, ಏಕೆಂದರೆ ಎಲ್ಲರನ್ನೂ ಕೊಂದು ಮುಗಿಸಬೇಕು ಎಂದುಕೊಳ್ಳುತ್ತಾರೆ. ಬೇಡ. ಚರ್ಚಿನ ಗಂಟೆ ಹೊಡೆಯುವವರೆಗೆ ಉಳಿದರೆ ಸಾಕು, ಅವರೇ ಆಯುಧ ಕೆಳಗಿಟ್ಟು ಹೋಗುತ್ತಾರೆ. ಅಲ್ಲಿಯವರೆಗೆ ಏಣಿ ಹತ್ತಿ ಇಳಿದು, ಕಿಟಕಿ ಹಾರಿ, ಓಡುತ್ತಲೇ ಇರಿ. ಬೆನ್ನ ಹಿಂದೆ ಗೋಡೆ ಇರಲಿ, ಮುಂದೆ ತಪ್ಪಿಸಿಕೊಳ್ಳಲು ಬಾಗಿಲಿರಲಿ. ಇದೇ ಪಾಠ ಮುಂದೆ ಕೋಟೆಯಲ್ಲೂ ದ್ವೀಪದಲ್ಲೂ ಬರುತ್ತದೆ.

ಗುಂಡು ಉಳಿಸುವ ಗುಟ್ಟು ಕಾಲಿನಲ್ಲಿದೆ. ತಲೆಗೋ ಮೊಣಕಾಲಿಗೋ ಒಂದು ಗುಂಡು ಹೊಡೆದರೆ ಶತ್ರು ತತ್ತರಿಸುತ್ತಾನೆ. ಹತ್ತಿರ ಓಡಿ ಒದೆಯಿರಿ. ಒದೆತಕ್ಕೆ ಸುತ್ತಲಿನ ಮೂರ್ನಾಲ್ಕು ಜನ ಒಟ್ಟಿಗೆ ಬೀಳುತ್ತಾರೆ. ಬಿದ್ದವನು ನೆಲದ ಮೇಲೆ ವಿಲವಿಲ ಒದ್ದಾಡಿದರೆ ಕೂಡಲೇ ಚೂರಿ ಹಾಕಿ, ಇಲ್ಲದಿದ್ದರೆ ಒಳಗಿನ ಪರಾವಲಂಬಿ ಹೊರಬಂದು ಇನ್ನೂ ಕೆಟ್ಟ ರೂಪ ತಾಳುತ್ತದೆ. ಹೊರಬಂದೇ ಬಿಟ್ಟರೆ ಫ್ಲ್ಯಾಶ್ ಗ್ರೆನೇಡ್ ಎಸೆಯಿರಿ, ಆ ಜಾತಿಯವಕ್ಕೆ ಬೆಳಕು ತಡೆಯದು.

ಚೂರಿಯಿಂದ ಎದುರಿನವನ ಪೆಟ್ಟನ್ನು ತಡೆಯಬಹುದು. ಚೈನ್‌ಸಾ ಹಿಡಿದವನ ಪೆಟ್ಟನ್ನೂ ತಡೆಯಬಹುದು, ಆದರೆ ಚೂರಿ ಸವೆಯುತ್ತದೆ. ವ್ಯಾಪಾರಿ ಸಿಕ್ಕಾಗ ಮೊದಲು ಚೂರಿ ಸರಿ ಮಾಡಿಸಿ, ಆಮೇಲೆ ಬಂದೂಕಿನ ಆಸೆ. ನಿಧಿ ಸಿಕ್ಕಿತೆಂದು ಆತುರದಲ್ಲಿ ಮಾರಬೇಡಿ. ಹರಳು ಕೂರಿಸಲು ಜಾಗ ಇರುವ ಆಭರಣಕ್ಕೆ ಬಣ್ಣ ಬಣ್ಣದ ಹರಳು ಹೊಂದಿಸಿ ಮಾರಿದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಹಳದಿ ಗಿಡಮೂಲಿಕೆಯನ್ನು ಒಂಟಿಯಾಗಿ ಇಟ್ಟುಕೊಳ್ಳದೆ ಹಸಿರಿನ ಜೊತೆ ಬೆರೆಸಿ, ಒಟ್ಟು ಹೆಲ್ತ್ ಶಾಶ್ವತವಾಗಿ ಹೆಚ್ಚುತ್ತದೆ.

ಲಿಯಾನ್ ಕಾಪಾಡಲು ಬಂದ ಹುಡುಗಿ ಆಶ್ಲಿ ಜೊತೆಗೆ ಬಂದಮೇಲೆ ಅವಳನ್ನು ಕಾಯುವುದೇ ಕಷ್ಟ ಎಂದು ಗೊಣಗುವವರಿದ್ದಾರೆ. ಹತ್ತಿರ ಇರು, ದೂರ ಇರು ಎಂಬ ಎರಡು ಆಜ್ಞೆಗಳಿವೆ. ಗುಂಪು ಮುತ್ತಿದಾಗ ದೂರ, ದಾರಿ ಸಾಗುವಾಗ ಹತ್ತಿರ. ಒಮ್ಮೆ ಬಿದ್ದರೆ ಎಬ್ಬಿಸಬಹುದು. ಬಿದ್ದಿರುವಾಗಲೇ ಮತ್ತೆ ಪೆಟ್ಟಾದರೆ ಆಟ ಮುಗಿಯಿತು.

ಕೋಟೆಯಲ್ಲಿ ಉಗುರಿನ ಕುರುಡ ದೈತ್ಯ ಸಿಗುತ್ತಾನೆ. ಲಿಕ್ಕರ್‌ನ ಪಾಠವೇ ಇವನಿಗೂ: ಸದ್ದು ಮಾಡದೆ ಹಿಂದೆ ಹೋಗಿ, ಬೆನ್ನಿನ ಪರಾವಲಂಬಿಗೆ ಹೊಡೆಯಿರಿ. ದ್ವೀಪದ ಪ್ರಯೋಗಾಲಯದಲ್ಲಿ ಎಷ್ಟು ಹೊಡೆದರೂ ಮತ್ತೆ ಬೆಳೆಯುವ, ಉಸಿರು ಎಳೆಯುತ್ತ ಬರುವ ಒಂದು ಜಾತಿ ಇದೆ. ಅಲ್ಲಿಯೇ ಸಿಗುವ ಬಯೋಸೆನ್ಸರ್ ಸ್ಕೋಪ್ ರೈಫಲ್‌ಗೆ ಜೋಡಿಸಿದರೆ ಮೈಯೊಳಗಿನ ಪರಾವಲಂಬಿಗಳು ಕಾಣುತ್ತವೆ. ಅದು ಸಿಗುವವರೆಗೆ ಓಡುವುದಷ್ಟೇ ಕೆಲಸ.

ಡೆಡ್ ಸ್ಪೇಸ್: ತಾಳ್ಮೆಯ ಗುರಿಕಾರರಿಗೆ

ಇಶಿಮುರಾ ಎಂಬ ಗಣಿಗಾರಿಕೆಯ ಬಾಹ್ಯಾಕಾಶ ಹಡಗು, ಅದರೊಳಗೆ ರಿಪೇರಿಗೆ ಬಂದ ಎಂಜಿನಿಯರ್ ಐಸಾಕ್ ಕ್ಲಾರ್ಕ್. ನಾಲ್ಕರಲ್ಲಿ ನಿಜವಾಗಿ ಹೆದರಿಸುವುದು ಇದೇ ಎಂದು ನನ್ನ ಅಭಿಪ್ರಾಯ. ಹಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಇದನ್ನು ಆಡಿದರೆ ಅರ್ಧ ಹೆದರಿಕೆ ನಷ್ಟ. ಒಳ್ಳೆ ಹೆಡ್‌ಫೋನ್ ಬೇಕೇ ಬೇಕು.

ಬೇರೆ ಗೇಮ್‌ನಲ್ಲಿ ಕಲಿತ ಅಭ್ಯಾಸ ಇಲ್ಲಿ ಕೆಡಿಸುತ್ತದೆ. ತಲೆ ಹಾರಿಸಿದರೂ ನೆಕ್ರೋಮಾರ್ಫ್ ಎಂಬ ಇಲ್ಲಿನ ರಾಕ್ಷಸ ಬರುತ್ತಲೇ ಇರುತ್ತದೆ. ಕೈಕಾಲು ಕತ್ತರಿಸಬೇಕು. ಪ್ಲಾಸ್ಮಾ ಕಟರ್ ಎಂಬ ಆಯುಧದ ಬಾಯಿ ಅಡ್ಡಕ್ಕೂ ಉದ್ದಕ್ಕೂ ತಿರುಗುತ್ತದೆ. ಚಾಚಿದ ತೋಳಿಗೆ ಉದ್ದ, ಓಡುವ ಕಾಲಿಗೆ ಅಡ್ಡ. ಶುರುವಿನ ಈ ಆಯುಧವೇ ಕೊನೆಯವರೆಗೂ ಸಾಕಾಗುವಷ್ಟು ಒಳ್ಳೆಯದು, ಆಯುಧದ ಬಲ ಹೆಚ್ಚಿಸುವ ನೋಡ್‌ಗಳು ಸಿಕ್ಕಿದರೆ ಮೊದಲು ಅದಕ್ಕೇ ಹಾಕಿ. ಎರಡು ಮೂರು ಒಟ್ಟಿಗೆ ಮೇಲೆ ಬಿದ್ದರೆ ಸ್ಟೇಸಿಸ್ ಬೀಸಿ ನಿಧಾನ ಮಾಡಿ. ಜಿಪುಣತನ ಬೇಡ, ಗೋಡೆಯಲ್ಲಿ ಅಲ್ಲಲ್ಲಿ ತುಂಬಿಸಿಕೊಳ್ಳುವ ಯಂತ್ರಗಳಿವೆ. ಕತ್ತರಿಸಿದ ತೋಳಿನ ಚೂಪು ತುದಿಯನ್ನೇ, ದೂರದಿಂದಲೇ ವಸ್ತು ಎತ್ತುವ ಕೈನೆಸಿಸ್‌ನಿಂದ ಎತ್ತಿ ಇನ್ನೊಂದರ ಎದೆಗೆ ಎಸೆಯಬಹುದು. ಇದು ಪುಕ್ಕಟೆ ಮದ್ದುಗುಂಡು, ಬಹಳ ಜನ ಮರೆತೇ ಬಿಡುತ್ತಾರೆ.

ನೆಲದ ಮೇಲೆ ಬಿದ್ದ ಹೆಣವನ್ನೆಲ್ಲ ತುಳಿದು ಹಾಕಿ. ಅದರಿಂದ ವಸ್ತು ಸಿಗುತ್ತದೆ, ಜೊತೆಗೆ ಹೆಣಕ್ಕೆ ಜೀವ ತುಂಬುವ ಬಾವಲಿಯಂಥ ಜಾತಿಯೊಂದಿದೆ, ಅದಕ್ಕೆ ಕೆಲಸ ಉಳಿಯುವುದಿಲ್ಲ. ಹೊಟ್ಟೆ ಉಬ್ಬಿದವನ ಹೊಟ್ಟೆಗೆ ಮಾತ್ರ ಹೊಡೆಯಬೇಡಿ. ಒಳಗಿಂದ ಸಣ್ಣವು ಗುಂಪಾಗಿ ಹೊರಬರುತ್ತವೆ. ಕತೆಯ ನಡುವೆ ಒಬ್ಬ ಕೈಕಾಲು ಕಡಿದರೂ ಮತ್ತೆ ಬೆಳೆಸಿಕೊಂಡು ಬರುತ್ತಾನೆ. ಕಡಿದು, ಸ್ಟೇಸಿಸ್ ಹಾಕಿ, ಓಡಿ.

ಒಮ್ಮೆ ಖಾಲಿ ಮಾಡಿದ ಕಾರಿಡಾರ್ ಖಾಲಿಯೇ ಇರುತ್ತದೆ ಎಂಬ ನಂಬಿಕೆ ರೀಮೇಕ್‌ನಲ್ಲಿ ನಡೆಯುವುದಿಲ್ಲ. ಹಳೇ ಜಾಗಕ್ಕೆ ಮರಳಿದಾಗ ದೀಪ, ಸದ್ದು, ದಾಳಿ ಎಲ್ಲವನ್ನೂ ಗೇಮ್ ಹೊಸದಾಗಿ ಹೂಡುತ್ತದೆ. ರಕ್ತಮಾಂಸ ವಿಪರೀತ. ಮಕ್ಕಳ ಎದುರು ಬೇಡವೇ ಬೇಡ. ದೊಡ್ಡವರಲ್ಲೂ ತಡೆಯದವರಿಗೆ ಕೆಲವು ದೃಶ್ಯ ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಹಾಕಿಕೊಳ್ಳಲು ಸಂಕೋಚ ಬೇಡ.

ಲೆಫ್ಟ್ 4 ಡೆಡ್ 2: ಒಬ್ಬರೇ ಆಡಲು ಮನಸ್ಸಿಲ್ಲದವರಿಗೆ

ನಾಲ್ಕು ಜನ ಒಟ್ಟಿಗೆ ಆಡುವ ಗೇಮ್. ನೆಟ್ ಇಲ್ಲದಿದ್ದರೂ ಮನೆಯ ರೂಟರ್‌ಗೇ ನಾಲ್ಕು ಲ್ಯಾಪ್‌ಟಾಪ್ ಸೇರಿಸಿ ಆಡಬಹುದು, ಜನ ಸಾಲದಿದ್ದರೆ ಕಂಪ್ಯೂಟರೇ ಉಳಿದವರ ಪಾತ್ರ ಮಾಡುತ್ತದೆ. ಕರೆಂಟು ಹೋದರೆ ಆ ಅಧ್ಯಾಯ ಮಾತ್ರ ನಷ್ಟ, ಅಲ್ಲಿಂದಲೇ ಮತ್ತೆ ಶುರು ಮಾಡಬಹುದು. ಜೋಂಬಿ ಎಲ್ಲಿಂದ, ಎಷ್ಟು ಬರಬೇಕು ಎಂದು ನಿಮ್ಮ ಸ್ಥಿತಿ ನೋಡಿ ಗೇಮ್ ತಾನೇ ತೀರ್ಮಾನಿಸುವುದರಿಂದ ಬಾಯಿಪಾಠ ಉಪಯೋಗಕ್ಕೆ ಬರದು.

ಇಲ್ಲಿ ಸಾಯುವುದು ಒಂಟಿಯಾದವನು. ಮುಂದೆ ಓಡುವ ಮಾಣಿ ಒಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ, ಹಂಟರ್ ಎಂಬ ಜಾತಿಯ ಜೋಂಬಿ ಅವನ ಮೇಲೇ ಹಾರುತ್ತದೆ. ಅಳುವ ಹೆಂಗಸಿನ ಸದ್ದು ಕೇಳಿದರೆ ಅದು ವಿಚ್. ಟಾರ್ಚ್ ಆರಿಸಿ, ಗುಂಡು ಹೊಡೆಯದೆ, ದೂರದಿಂದ ಸುತ್ತಿ ಹೋಗಿ. ದೀಪ ಮಿನುಗುವ ಕಾರಿಗೆ ಗುಂಡು ತಾಗಿದರೆ ಸೈರನ್‌ಗೆ ದೊಡ್ಡ ಹಿಂಡೇ ಬರುತ್ತದೆ. ಎರಡು ಸಲ ಬಿದ್ದವನ ಪರದೆ ಕಪ್ಪುಬಿಳುಪಾಗುತ್ತದೆ, ಮೂರನೇ ಸಲಕ್ಕೆ ಸಾವು. ಇರುವ ಒಂದು ಮೆಡ್‌ಕಿಟ್ ಅವನಿಗೇ ಹೋಗಬೇಕು. ಹಿಂಡು ಮೇಲೆ ಬಿದ್ದಾಗ ಪೈಪ್ ಬಾಂಬ್ ಎಸೆದರೆ ಎಲ್ಲ ಅದರ ಹಿಂದೆ ಓಡುತ್ತವೆ.

ಆಲನ್ ವೇಕ್ 2 ಮತ್ತು ದಿ ಲಾಸ್ಟ್ ಆಫ್ ಅಸ್ ಬಗ್ಗೆಯೂ ಕೇಳುವವರಿದ್ದಾರೆ. ಮೊದಲನೆಯದರಲ್ಲಿ ಟಾರ್ಚ್ ಬೆಳಕಿನಿಂದ ಕತ್ತಲೆಯ ಕವಚ ಸುಟ್ಟು ಆಮೇಲೆ ಗುಂಡು ಹೊಡೆಯಬೇಕು. ಜೋರಾದ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಮರೆತುಬಿಡಿ, ಇದ್ದರೂ ಕತೆ ಕೇಳುವ ವ್ಯವಧಾನ ಬೇಕು. ಎರಡನೆಯದು ಒಳ್ಳೆಯ ಗೇಮ್, ಆದರೆ ಹೆದರಿಕೆಗಿಂತ ದುಃಖದ ಪಾಲು ಹೆಚ್ಚು. ಕ್ಲಿಕರ್ ಎಂಬ ಕುರುಡು ರಾಕ್ಷಸರ ಎದುರು ಬಾಟಲಿ ಎಸೆದು ದಿಕ್ಕು ತಪ್ಪಿಸುವುದು ಬಂದರೆ ಮುಗಿಸಬಹುದು.

ಕೊಳ್ಳುವ ಮೊದಲು ರೆಸಿಡೆಂಟ್ ಈವಿಲ್ 4ರ ಪುಕ್ಕಟೆ ಡೆಮೊ ಆಡಿ ನೋಡಿ, ಹಳ್ಳಿ ಮುತ್ತಿಗೆ ಅದರಲ್ಲೇ ಇದೆ. ಸ್ಟೀಮ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಿಂದಿರುಗಿಸಿ ದುಡ್ಡು ವಾಪಸು ಪಡೆಯಬಹುದು. ಡೆಡ್ ಸ್ಪೇಸ್ ನಿಮ್ಮ ಮಷಿನ್‌ನಲ್ಲಿ ಓಡುತ್ತದೋ ಇಲ್ಲವೋ ನೋಡಲು ಅಷ್ಟು ಹೊತ್ತು ಧಾರಾಳ. ಮಟ್ಟ ಆರಿಸುವಾಗ ಮಾನ ಹೋಗುತ್ತದೆ ಎಂದುಕೊಳ್ಳಬೇಡಿ. ರೆಸಿಡೆಂಟ್ ಈವಿಲ್‌ನಲ್ಲಿ ಅಸಿಸ್ಟೆಡ್ ಎಂಬುದಿದೆ, ಗುರಿ ಹಿಡಿಯಲು ಗೇಮ್ ಸಹಾಯ ಮಾಡುತ್ತದೆ, ಹೆಲ್ತ್ ಸ್ವಲ್ಪ ತಾನಾಗಿ ಏರುತ್ತದೆ. ಮೌಸ್ ಹಿಡಿದು ಅಭ್ಯಾಸ ಇಲ್ಲದ ತಂಗಿಯೂ ಅದರಲ್ಲಿ ಕೊನೆ ಮುಟ್ಟಬಹುದು.

ಇನ್ನು ಮನೆ ತುಂಬ ನೆಂಟರಿಷ್ಟರ ಹುಡುಗರು ಸೇರಿದ್ದಾರೆ, ಹೊರಗೆ ಸುರಿಯುತ್ತಿದೆ ಅಂದರೆ ಲೆಫ್ಟ್ 4 ಡೆಡ್ 2ರಲ್ಲಿ ಹಾರ್ಡ್ ರೇನ್ ಎಂಬ ಕಾರ್ಯಾಚರಣೆಯನ್ನೇ ಹಚ್ಚಿ. ಸಕ್ಕರೆ ಕಾರ್ಖಾನೆ ದಾಟಿ ಡೀಸೆಲ್ ತರಲು ಹೋಗಬೇಕು, ಬಂದ ದಾರಿಯಲ್ಲೇ ವಾಪಸು ಬರಬೇಕು. ಅಷ್ಟರಲ್ಲಿ ಬಿರುಮಳೆಗೆ ದಾರಿಯೆಲ್ಲ ನೀರು ತುಂಬಿರುತ್ತದೆ, ಮಳೆ ಜೋರಾದಾಗ ಎದುರಿನವನೂ ಕಾಣುವುದಿಲ್ಲ, ಮೈಕಿನಲ್ಲಿ ಕೂಗಿದ್ದೂ ಕೇಳುವುದಿಲ್ಲ. ಹೋಗುವಾಗಲೇ ಮೆಡ್‌ಕಿಟ್‌ಗಳನ್ನು ಎಲ್ಲಿ ಬಿಟ್ಟಿದ್ದೀರಿ ಎಂದು ನೆನಪಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ವಿಚ್‌ಗಳು ಒಂದೆರಡಲ್ಲ, ಆದ್ದರಿಂದ ಟಾರ್ಚ್ ಆರಿಸುವ ಬಟನ್ ಯಾವುದೆಂದು ನಾಲ್ವರೂ ಮೊದಲೇ ನೋಡಿಕೊಂಡಿರಿ.